ಬಿಗಿ ಕೈ

ಫೆಬ್ರವರಿ 3

ಸೊಸೆಗೆ,

ನಿನ್ನ ಅತ್ತೆ ಬರೆಯುವುದು. ಚೆನ್ನಾಗಿದ್ದೇನೆ ಎಂದು ಬರೆದರೆ ದೇವರು ಮೆಚ್ಚುವುದಿಲ್ಲ, ಚೆನ್ನಾಗಿಲ್ಲ ಎಂದು ಬರೆದರೆ ನೀನು ಸುಮ್ಮನಿರುವುದಿಲ್ಲ. ಎದ್ದು ಓಡಾಡಿಕೊಂಡಿದ್ದೇನೆ ಎಂದು ತಿಳಿದುಕೋ. ಈ ಕಾಗದವನ್ನು ನನ್ನ ಮಗನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಲಾರಿಯಲ್ಲಿ ಸೀಟಿನ ಕೆಳಗೆ ತುರುಕಿ ಮರೆತುಬಿಡುವ ಅಭ್ಯಾಸ ಅವನಿಗೆ. ಬಂದ ಕೂಡಲೇ ಕೇಳಿ ಇಸಿದುಕೋ. ನೀನು ಹೆಂಡತಿ, ನಿನಗೆ ಹೆದರುತ್ತಾನೆ. ನನಗೆ ಹೆದರುವುದನ್ನು ಬಿಟ್ಟು ಬಹಳ ಕಾಲವಾಯಿತು.

ಗಂಜಿಯ ಹಂಡೆಯಿಂದ ನನ್ನನ್ನು ಅಳತೆಯ ಮೇಜಿಗೆ ಹಾಕಿದ್ದಾರೆ. ಮೊದಲಿದ್ದ ಹೆಣ್ಣುಮಗಳು ಕೆಲಸ ಬಿಟ್ಟು ಹೋದಳು. ಇಲ್ಲಿ ನಮ್ಮ ಗಂಜಿ ಕೇಂದ್ರಕ್ಕೂ ಮೇಲೆ ನಿನ್ನ ಬರಗಾಲದ ಶಿಬಿರಕ್ಕೂ ಸೇರಿ ಒಬ್ಬರೇ ಅಧಿಕಾರಿ ಇದ್ದಾರಲ್ಲ, ಮಾತಿಗೊಮ್ಮೆ ಕೈಗಡಿಯಾರ ನೋಡುವವರು, ನಾವು ಹೆಂಗಸರೆಲ್ಲ ಗಡಿಯಾರಪ್ಪ ಎನ್ನುತ್ತೇವೆ, ಅವರೇ ಬಂದು ಕೇಳಿದರು.

"ಅಮ್ಮಾ, ಅಳತೆಪಟ್ಟಿ ಹಿಡಿದು ಗೊತ್ತಾ ನಿಮಗೆ?"

"ಊರಿಗೆಲ್ಲ ಬಟ್ಟೆ ಹೊಲಿದವಳು ಸ್ವಾಮಿ ನಾನು. ಮತ್ತೆ ಬರೀ ಕಣ್ಣಳತೇಲಿ ಹೊಲಿದ್ನಾ?" ಎಂದೆ.

ನಿಜ ತಾನೇ. ಮಳೆ ಕೈಕೊಟ್ಟ ಮೇಲೆ ಊರಿನಲ್ಲಿ ಬಟ್ಟೆ ಹೊಲಿಸುವವರೇ ಇಲ್ಲ. ಇದ್ದ ಬಟ್ಟೆಗಳೇ ಎಲ್ಲರ ಮೈಮೇಲೆ ದೊಗಳೆಯಾಗುತ್ತಿವೆ. ಯಂತ್ರಕ್ಕೆ ಧೂಳು ಹಿಡಿದಿದೆ. ಕೈಗೆ ಮತ್ತೆ ಒಂದು ಪಟ್ಟಿ ಸಿಕ್ಕಿತಲ್ಲ ಎಂದು ನನಗೆ ಖುಷಿಯೇ ಆಯಿತು.

ನೀನು ಅಂದು ಬೆಳಿಗ್ಗೆ ಬಂದು ತೋರಿಸಿಕೊಟ್ಟು ಹೋದಂತೆಯೇ ಮಾಡುತ್ತಿದ್ದೇನೆ. ಮಗುವಿನ ಎಡತೋಳಿನ ನಡುಮಧ್ಯ ಹಿಡಿದು, ಪಟ್ಟಿ ಸುತ್ತಿ, ತುದಿಯನ್ನು ಕಿಂಡಿಯಲ್ಲಿ ತೂರಿಸಿ, ಯಾವ ಬಣ್ಣ ಎಂದು ನೋಡುತ್ತೇನೆ. ಹಸಿರು ಬಂದರೆ ಮಗು ಮನೆಗೆ. ಹಳದಿ ಬಂದರೆ ಒಂದು ಲೋಟ ಗಂಜಿ, ಮುಂದಿನ ವಾರ ಮತ್ತೆ ಬಾ. ತೋಳು ತೀರಾ ಬಡಕಲಾಗಿ ಕೆಂಪು ಬಂದರೆ ಮಾತ್ರ ಪೊಟ್ಟಣ. ಆ ಕಡಲೆಬೀಜದ ಪೊಟ್ಟಣದಲ್ಲಿ ಅದೇನು ಹಾಕುತ್ತಾರೋ, ತಲೆ ಎತ್ತಲಾಗದ ಮಗು ವಾರ ಕಳೆಯುವಷ್ಟರಲ್ಲಿ ಅಮ್ಮನ ಕಿವಿ ಎಳೆಯುತ್ತದೆ.

ಪಟ್ಟಿ ಸುತ್ತುವ ಮುಂಚೆ ಪ್ರತಿ ಸಲವೂ ದೇವರನ್ನು ನೆನೆಯುತ್ತೇನೆ. ಕೆಂಪು ಬರಲಿ ಎಂದು ಬೇಡಲೋ ಬಾರದಿರಲಿ ಎಂದು ಬೇಡಲೋ ತಿಳಿಯದೆ ಬರೀ ಹೆಸರು ಹೇಳಿ ಸುತ್ತುತ್ತೇನೆ.

ಊಟ ಬಿಡಬೇಡ. ನರ್ಸಮ್ಮನೇ ಬಿದ್ದರೆ ಎತ್ತುವವರು ಯಾರು.

ಇಂತಿ,
ಅತ್ತೆ

*

ಫೆಬ್ರವರಿ 19

ಅತ್ತೆಯವರಿಗೆ ನಮಸ್ಕಾರ.

ಕಾಗದ ಸೀಟಿನ ಕೆಳಗೇ ಇತ್ತು. ನಾನೇ ಹುಡುಕಿ ತೆಗೆದೆ. ನಿಮ್ಮ ಮಗ, "ಕೊಡೋಣ ಅಂತಿದ್ದೆ" ಎಂದರು.

ನಿಮಗೆ ಅಳತೆಯ ಕೆಲಸ ಸಿಕ್ಕಿದ್ದು ಸಂತೋಷ. ಇಲ್ಲಿ ಗುಡ್ಡದಾಚೆಯಿಂದ ಜನ ಬರುವುದು ಹೆಚ್ಚಾಗಿದೆ. ಅಲ್ಲಿ ಕುಡಿಯುವ ನೀರೂ ಇಲ್ಲವಂತೆ. ದನಗಳನ್ನು ದಾರಿಯಲ್ಲೇ ಬಿಟ್ಟು ಬಂದಿದ್ದಾರೆ. ಹೊಸ ಡೇರೆಗಳಿಗೆ ಜಾಗವಿಲ್ಲದೆ ಔಷಧಿ ಇಡುವ ಕೋಣೆಯಲ್ಲಿ ಚಾಪೆ ಹಾಸಿ ತಾಯಂದಿರನ್ನು ಮಲಗಿಸಿದ್ದೇವೆ. ಬಾಟಲಿಗಳೆಲ್ಲ ಈಗ ನನ್ನ ಮಂಚದ ಕೆಳಗಿವೆ.

ಒಂದು ವಿಷಯ ಕೇಳಬೇಕಿತ್ತು. ಈ ಸಲದ ಲಾರಿಯಲ್ಲಿ ನಮಗೆ ಬರಬೇಕಾದ ಪೊಟ್ಟಣದ ಪೆಟ್ಟಿಗೆಗಳಲ್ಲಿ ಅರ್ಧವೇ ಬಂದವು. ಎಲ್ಲಿ ಕೆಂಪು ಮಕ್ಕಳು ಹೆಚ್ಚೋ ಅಲ್ಲಿಗೆ ಹೆಚ್ಚು ಪೆಟ್ಟಿಗೆ ಎಂಬುದು ಕಚೇರಿಯ ನಿಯಮ, ನಿಮಗೆ ಗೊತ್ತೇ ಇದೆ. ಉಳಿದ ಅರ್ಧ ನಿಮ್ಮ ಕೇಂದ್ರಕ್ಕೆ ಇಳಿಯಿತೆಂದು ಇವರು ಹೇಳಿದರು. ಅಲ್ಲಿ ಒಮ್ಮೆಗೇ ಅಷ್ಟೊಂದು ಕೆಂಪು ಹೇಗಾಯಿತು? ಏನಾದರೂ ಬೇನೆ ಬಂದಿದೆಯೇ? ಅತಿಸಾರವೇನಾದರೂ ಇದ್ದರೆ ತಿಳಿಸಿ, ಉಪ್ಪು ಸಕ್ಕರೆಯ ಪುಡಿ ಕಳಿಸುತ್ತೇನೆ.

ನಿಮ್ಮ ಸೊಸೆ

*

ಮಾರ್ಚ್ 1

ಸೊಸೆಗೆ,

ಬೇನೆಯೂ ಇಲ್ಲ ಗೀನೆಯೂ ಇಲ್ಲ. ಹಸಿವು ಎಂಬ ಒಂದೇ ಬೇನೆ, ಅದಕ್ಕೆ ನಿನ್ನ ಪುಡಿ ಬೇಡ. ನೀನು ಒಳ್ಳೆಯ ಮಾತಿನಲ್ಲೇ ಕೇಳಿದ್ದೀಯ, ನಾನೂ ಒಳ್ಳೆಯ ಮನಸ್ಸಿನಲ್ಲೇ ಓದಿದೆ. ಆದರೂ "ಹೇಗಾಯಿತು" ಎಂಬ ಆ ಮಾತಿಗೆ ಬಂದಾಗ ಕಾಗದ ಮಡಚಿ ಪಕ್ಕಕ್ಕಿಟ್ಟೆ. ಮಕ್ಕಳ ತೋಳು ಬಡಕಲಾದರೆ ಕೆಂಪಾಗುತ್ತದೆ. ಅದರಲ್ಲಿ ಹೇಗಾಯಿತು ಎಂದು ಕೇಳುವುದೇನಿದೆ?

ಹೇಳುತ್ತೇನೆ ಕೇಳು. ನಾನು ಪಟ್ಟಿ ಹಿಡಿದಾಗಿನಿಂದ ನಮ್ಮ ಕೇಂದ್ರದಲ್ಲಿ ಒಂದು ಮಗುವೂ ಹೋಗಿಲ್ಲ. ಒಂದೂ ಇಲ್ಲ. ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಾಗ ಮಂಡಿಯೂರಿ ದೇವರಿಗೆ ಅದನ್ನೇ ಹೇಳುತ್ತೇನೆ, ನಿನ್ನ ದಯೆ, ನಿನ್ನ ದಯೆ. ಪಕ್ಕದೂರುಗಳ ತಾಯಂದಿರೂ ನಮ್ಮ ಸಾಲಿಗೇ ಬಂದು ನಿಲ್ಲುತ್ತಾರೆ. "ಆ ಅಮ್ಮನ ಕೈಗುಣ ಒಳ್ಳೇದು" ಎಂದು ಮಾತು ಹಬ್ಬಿದೆ. ಹಂಡೆಯ ಹತ್ತಿರ ಇರುವ ದಪ್ಪಮ್ಮ ಮಾತ್ರ ನಗುತ್ತಾಳೆ. "ಊರಲ್ಲೆಲ್ಲ ಕೈ ಬಿಗಿ ಇದ್ರೆ ಜಿಪುಣಿ ಅಂತಾರೆ. ನಮ್ಮಕ್ಕಂದು ಬಿಗಿ ಕೈಯಾದ್ರೂ ಧಾರಾಳ" ಎನ್ನುತ್ತಾಳೆ. ಅವಳ ಮಾತಿಗೆ ತಲೆಬುಡವಿಲ್ಲ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಗುಬ್ಬಿ ಎಂದು ಒಂದು ಹೆಣ್ಣುಮಗು ಇದೆ. ನಾನೇ ಇಟ್ಟ ಹೆಸರು. ಕೂತಲ್ಲಿ ಕೂರದೆ ತಲೆ ಅತ್ತಿತ್ತ ಆಡಿಸುತ್ತದೆ. ಪಟ್ಟಿ ಸುತ್ತುವಾಗ ನನ್ನ ಹೆಬ್ಬೆರಳನ್ನು ಹಿಡಿದುಕೊಳ್ಳುತ್ತದೆ. ಅವರಮ್ಮ ಇದಕ್ಕೆ ಮುಂಚೆ ಎರಡನ್ನು ಮಣ್ಣಿಗೆ ಕೊಟ್ಟವಳು. ಈ ಒಂದನ್ನು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಹೊತ್ತು ತಿರುಗುತ್ತಾಳೆ. ಪೊಟ್ಟಣ ತಿಂದು ಈಗ ಅದರ ಕೆನ್ನೆ ಸ್ವಲ್ಪ ತುಂಬಿಕೊಂಡಿದೆ. ನೀನು ಒಮ್ಮೆ ಬಂದು ನೋಡು. ಆಮೇಲೆ ಹೇಗಾಯಿತು ಎಂದು ಕೇಳು.

ಅತ್ತೆ

*

ಮಾರ್ಚ್ 12

ಅತ್ತೆಯವರಿಗೆ,

ಬಂದು ನೋಡಲು ಆಗುವುದಿಲ್ಲ. ಇಲ್ಲಿ ಕೆಂಪು ಮಕ್ಕಳಿಗೂ ಪೊಟ್ಟಣವನ್ನು ಅರ್ಧಕ್ಕೆ ಕತ್ತರಿಸಿ ಕೊಡುತ್ತಿದ್ದೇನೆ. ಅರ್ಧ ಕೊಟ್ಟರೆ ಮಗು ಬದುಕುವುದೂ ಇಲ್ಲ, ಬೇಗ ಸಾಯುವುದೂ ಇಲ್ಲ. ಈ ವಾರ ಔಷಧಿ ಕೋಣೆಯಲ್ಲೇ ಮೂವರು ಮಕ್ಕಳು ಹೋದರು. ಮೂರನೆಯದು ಹೋದಾಗ ಅದರ ಕೈಯಲ್ಲಿ ಖಾಲಿ ಪೊಟ್ಟಣ ಇತ್ತು, ನೆಕ್ಕುತ್ತಿತ್ತು.

ನಿಮ್ಮ ಕೇಂದ್ರದಲ್ಲಿ ಒಂದೂ ಹೋಗಿಲ್ಲ, ದೇವರ ದಯೆ ಎಂದು ಬರೆದಿದ್ದೀರಿ. ಆ ದಯೆ ನನ್ನ ಪಾಲಿನ ಲಾರಿಯಿಂದ ಇಳಿದದ್ದು ಅತ್ತೆ. ಇದನ್ನು ಬರೆಯಬಾರದಿತ್ತು. ಬರೆದಾಯಿತು.

ಕಳೆದ ವಾರ ಇವರು ನಿಮ್ಮಲ್ಲಿಂದ ಒಂದು ಕುಟುಂಬವನ್ನು ಲಾರಿಯಲ್ಲಿ ಕೂರಿಸಿಕೊಂಡು ಬಂದರು. ಅವರ ಬಂಧುಗಳು ಇಲ್ಲಿದ್ದಾರೆ. ಹಿಂದಿನ ದಿನವಷ್ಟೇ ನಿಮ್ಮಲ್ಲಿ ಕೆಂಪು ಬಂದಿದ್ದ ಅವರ ಮಗುವನ್ನು ನಾನು ಅಳೆದೆ. ಹಳದಿ ಬಂತು. ತಾಯಿ ನನ್ನನ್ನು ನೋಡಿ, "ನೀವು ಸರಿಯಾಗಿ ಹಿಡೀತಿಲ್ಲ" ಎಂದಳು.

ನಿಮ್ಮನ್ನು ಒಂದೇ ಒಂದು ಕೇಳುತ್ತೇನೆ. ಪಟ್ಟಿ ಚರ್ಮಕ್ಕೆ ತಾಗಬೇಕು, ಚರ್ಮವನ್ನು ಹಿಂಡಬಾರದು ಎಂದು ಅಂದು ಹೇಳಿದ್ದೆ. ನಾಳೆ ಅಳೆದಾದ ಮೇಲೆ ಪಟ್ಟಿ ಬಿಚ್ಚಿ ಮಗುವಿನ ತೋಳನ್ನು ನೋಡಿ. ಗೆರೆ ಉಳಿದಿದೆಯಾ? ಅಷ್ಟೇ. ಬೇರೇನೂ ಕೇಳುವುದಿಲ್ಲ.

ಸೊಸೆ

*

ಮಾರ್ಚ್ 22

ಅತ್ತೆ,

ಲಾರಿ ಬಂತು, ನಿಮ್ಮ ಕಾಗದ ಬರಲಿಲ್ಲ. ಸೀಟಿನ ಕೆಳಗೆಲ್ಲ ನೋಡಿದೆ. "ಅಮ್ಮ ಏನಂದ್ರು?" ಎಂದು ಇವರನ್ನು ಕೇಳಿದರೆ, "ಏನೂ ಅನ್ನಲಿಲ್ಲ. ನೀನು ತೆಳ್ಳಗಾಗಿದ್ದೀಯ ಕಣೋ ಅಂತ ನನ್ನ ತೋಳು ಹಿಡಿದು ನೋಡಿದ್ಲು" ಎಂದರು. ನಿಮಗೆ ಹುಷಾರಿಲ್ಲವೇನೋ ಎಂದು ಒಮ್ಮೆ ಅನಿಸಿತು. ಹುಷಾರಾಗಿದ್ದಾರೆ ಎಂದು ಇವರು ಹೇಳಿದ ಮೇಲೆ ಇನ್ನಷ್ಟು ಭಯವಾಯಿತು.

ಅಧಿಕಾರಿಗಳು 29ಕ್ಕೆ ನಿಮ್ಮ ಕೇಂದ್ರಕ್ಕೆ ಬರುತ್ತಾರೆ. ಮರುದಿನ ಇಲ್ಲಿಗೆ. ಮುಂದಿನ ತಿಂಗಳು ಬಂದರಿನಿಂದ ಬರುವ ಸಾಮಾನು ಕಡಿಮೆಯಂತೆ. ಎಲ್ಲಿಗೆ ಎಷ್ಟು ಎಂದು ಈ ಸುತ್ತಿನಲ್ಲೇ ತೀರ್ಮಾನ ಮಾಡುತ್ತಾರೆ.

ನೀವೇ ಅವರಿಗೆ ಹೇಳಿ. ಹೇಳದಿದ್ದರೆ ಮರುದಿನ ನಾನು ಹೇಳಬೇಕಾಗುತ್ತದೆ. ಅತ್ತೆಯ ಮೇಲೆ ಚಾಡಿ ಹೇಳಿದ ಸೊಸೆ ಎಂದು ನಿಮ್ಮ ಮಗ ನನ್ನನ್ನು ಒಂದು ಕಾಲಕ್ಕೂ ಕ್ಷಮಿಸಲಾರರು. ಆದರೂ ಹೇಳುತ್ತೇನೆ.

ಸೊಸೆ

*

ಮಾರ್ಚ್ 26

ಸೊಸೆಗೆ,

ಗೆರೆ ಇತ್ತು.

ನಿನ್ನ ಕಾಗದ ಬಂದ ದಿನವೇ ನೋಡಿದೆ. ಮೊದಲ ಮಗುವಿನ ತೋಳಿನಲ್ಲಿ ಇತ್ತು, ಎರಡನೆಯದರಲ್ಲಿ ಇತ್ತು, ಗುಬ್ಬಿಯ ತೋಳಿನಲ್ಲೂ ಇತ್ತು. ಬಳೆ ಕಳಚಿದ ಜಾಗದಂತೆ ಸುತ್ತಲೂ ಒಂದು ಗೆರೆ.

ನನಗೆ ಗೊತ್ತಿರಲಿಲ್ಲ. ನಂಬುವುದಾದರೆ ನಂಬು. ಹೊಲಿಯುವವರ ಕೈ ಹಾಗೆ. ಪಟ್ಟಿ ಹಿಡಿದರೆ ಬೆರಳು ತಾನಾಗಿಯೇ ಎಳೆಯುತ್ತದೆ. "ಸಡಿಲ ಹಿಡಿದರೆ ತೋಳು ಜೋಲುತ್ತೆ, ಬಿಗಿ ಹಿಡಿ" ಎಂದು ನನಗೆ ಕಲಿಸಿದ ದರ್ಜಿ ಬೆರಳಿನ ಮೇಲೆ ಕಡ್ಡಿಯಲ್ಲಿ ಹೊಡೆದು ಕಲಿಸಿದ್ದ. ನೀನು ಒಂದು ಬೆಳಿಗ್ಗೆ ಹೇಳಿದ್ದು ತಲೆಯಲ್ಲಿ ಉಳಿಯಿತು, ಬೆರಳಿಗೆ ಇಳಿಯಲಿಲ್ಲ.

ಇದಿಷ್ಟೇ ಆಗಿದ್ದರೆ ಅಂದೇ ಬರೆಯುತ್ತಿದ್ದೆ. ಗೆರೆ ಕಂಡ ಮೇಲೂ ನಾನು ಪಟ್ಟಿ ಎಳೆದೆ. ಗುಬ್ಬಿಗೆ ಮೊದಲು ಸಡಿಲವಾಗಿ ಹಿಡಿದು ನೋಡಿದೆ, ಹಳದಿ ಬಂತು. ಅದು ನನ್ನ ಹೆಬ್ಬೆರಳು ಹಿಡಿದುಕೊಂಡಿತ್ತು. ಎಳೆದೆ. ಕೆಂಪಾಯಿತು. ಅವತ್ತಿನಿಂದ ಎಲ್ಲರಿಗೂ ಎಳೆಯುತ್ತಿದ್ದೇನೆ, ಗೊತ್ತಿದ್ದೂ ಎಳೆಯುತ್ತಿದ್ದೇನೆ. ಬೆಳಿಗ್ಗೆ ಮಂಡಿಯೂರುತ್ತೇನೆ, ಬಾಯಿ ಬರುವುದಿಲ್ಲ. ಹಾಗೇ ಎದ್ದು ಬಾಗಿಲು ತೆಗೆಯುತ್ತೇನೆ.

ಹಳದಿ ಮಗುವಿಗೇನು ಹೊಟ್ಟೆ ತುಂಬಿರುತ್ತದೆಯೇ? ಹಳದಿಯೆಂದರೆ ಇನ್ನೂ ಬಿದ್ದಿಲ್ಲ ಎಂದು ಅರ್ಥ, ಅಷ್ಟೇ ತಾನೇ? ಬೀಳುವವರೆಗೆ ಕಾದು ಆಮೇಲೆ ಹಿಡಿಯಬೇಕು ಎನ್ನುವ ಈ ನಿಯಮವನ್ನು ಹೊಟ್ಟೆ ತುಂಬಿದ ಯಾವನು ಮಾಡಿದ? ಅದನ್ನು ನೀನು ಗಡಿಯಾರಪ್ಪನಿಗೆ ಕೇಳಬಾರದೇ? ನನ್ನ ಕೈ ಮೇಲೆ ದೂರು ಹೇಳುವ ಬದಲು ಅದನ್ನು ಹೇಳು.

<s>ನಿನಗೆ ನಿನ್ನ ಮಕ್ಕಳು, ನನಗೆ ನನ್ನ ಮಕ್ಕಳು.</s>

ಮೇಲಿನ ಸಾಲು ಹೊಡೆದು ಹಾಕಿದ್ದೇನೆ. ಓದಲು ಬರುತ್ತದೆ ಎಂದು ಗೊತ್ತು. ಬೇರೆ ಹಾಳೆ ಇಲ್ಲ.

ಹೇಳಬೇಡ. ಈ ಒಂದು ಸಲ ಹೇಳಬೇಡ.

ಅತ್ತೆ

*

ಮಾರ್ಚ್ 27

ಅತ್ತೆ,

ಹೊಡೆದು ಹಾಕಿದ್ದನ್ನೂ ಓದಿದೆ. ನಿಯಮದ ಬಗ್ಗೆ ನಾನು ಎರಡು ಸಲ ಕಚೇರಿಗೆ ಬರೆದಿದ್ದೇನೆ. "ಸಾಮಾನು ಇದ್ದಿದ್ದರೆ ಹಳದಿಗೂ ಕೊಡುತ್ತಿದ್ದೆವು" ಎಂಬ ಒಂದೇ ಉತ್ತರ ಬಂತು. ಅದು ಸುಳ್ಳಲ್ಲ, ಅದೇ ಕಷ್ಟ.

ಇವತ್ತು ಕೆಂಪು ಮಕ್ಕಳಿಗೆ ಕೊಡಲು ಅರ್ಧವೂ ಇಲ್ಲ. ಗಂಜಿಯನ್ನೇ ಸೋಸಿ ಕುಡಿಸುತ್ತಿದ್ದೇನೆ. 30ಕ್ಕೆ ನಾನು ಹೇಳುತ್ತೇನೆ.

ಇವರಿಗೆ ಎಲ್ಲ ತಿಳಿಸಿದೆ. ಹೋಗಿ ಲಾರಿಯ ಗಾಜು ಒರೆಸುತ್ತಾ ನಿಂತರು. ಈ ಕಾಗದ ತರಲೆಂದೇ ಖಾಲಿ ಲಾರಿ ಓಡಿಸಿಕೊಂಡು ಬರುತ್ತಿದ್ದಾರೆ. ಅವರನ್ನು ಬೈಯಬೇಡಿ.

ಸೊಸೆ

*

ಮಾರ್ಚ್ 30

ಸೊಸೆಗೆ,

ಈ ಕಾಗದ ಬರುವ ಲಾರಿಯಲ್ಲಿ ಪೆಟ್ಟಿಗೆಗಳೂ ಬರುತ್ತಿವೆ. ಮೊದಲು ಅವನ್ನು ಇಳಿಸಿಕೋ, ಆಮೇಲೆ ಇದನ್ನು ಓದು.

ನಿನ್ನೆ ಗಡಿಯಾರಪ್ಪ ಹೇಳಿದ ಹೊತ್ತಿಗೆ ಮುಂಚೆಯೇ ಬಂದರು. ಸಾಲು ಆಗಲೇ ಗೇಟು ದಾಟಿತ್ತು. ಹೇಳುತ್ತೇನೋ ಬಿಡುತ್ತೇನೋ ನನಗೇ ತಿಳಿದಿರಲಿಲ್ಲ. ರಾತ್ರಿಯೆಲ್ಲ ದೇವರನ್ನು ಕೇಳಿದೆ. ಗಡಿಯಾರಪ್ಪ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು, "ಶುರು ಮಾಡಿ ಅಮ್ಮಾ" ಎಂದರು.

ಮೊದಲು ಬಂದದ್ದು ಗುಬ್ಬಿಯೇ. ಅವರಮ್ಮ ಕತ್ತಲಿರುವಾಗಲೇ ಬಂದು ನಿಂತಿರುತ್ತಾಳೆ. ಪಟ್ಟಿ ಸುತ್ತಿದೆ. ಬೆರಳು ಎಳೆಯಲು ಹೋಯಿತು. ನೀನು ಸೋಸಿದ ಗಂಜಿ ಎಂದು ಬರೆದದ್ದು ಕಣ್ಣೆದುರು ಬಂತು. ಸೋಸಿದ ಗಂಜಿ ಎಂದರೆ ನೀರು ತಾನೇ. ಬೆರಳು ಬಿಟ್ಟೆ. ಹಳದಿ ಬಂತು.

"ಹಳದಿ" ಎಂದೆ.

"ಇನ್ನೊಂದ್ಸಲ ನೋಡೀಮ್ಮಾ" ಎಂದಳು ತಾಯಿ.

ನೋಡಿದೆ. ಹಳದಿ.

ಅವಳು ಹತ್ತಿರ ಬಗ್ಗಿ, "ಯಾವಾಗ್ಲೂ ಹಿಡಿಯೋ ಹಾಗೆ ಹಿಡೀರಿ" ಎಂದಳು. ಮೆಲ್ಲಗೆ ಹೇಳಿದ್ದು, ಆದರೂ ಕೇಳಿಸಿತು.

"ಯಾವಾಗ್ಲೂ ಹೇಗೆ ಹಿಡೀತಾರೆ?" ಎಂದು ಗಡಿಯಾರಪ್ಪ ಕೇಳಿದರು.

ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. ಹಿಂದಿನವಳು ನೆಲ ನೋಡಿದಳು. ಹಂಡೆಯ ಹತ್ತಿರ ದಪ್ಪಮ್ಮ ಸೌಟು ಆಡಿಸುವುದನ್ನು ನಿಲ್ಲಿಸಿದಳು. ಆಗ ನನಗೆ ಅರ್ಥವಾಯಿತು ನೋಡು, ಎಲ್ಲರಿಗೂ ಮೊದಲಿನಿಂದಲೇ ಗೊತ್ತಿತ್ತು. ಕೈಗುಣ ಎಂದರೆ ಇದು. ನನಗೊಬ್ಬಳಿಗೇ ಗೊತ್ತಿಲ್ಲದೆ ನಾನು ಅಷ್ಟು ದಿನ ಹಿಗ್ಗಿದ್ದೆ. ಇಷ್ಟು ಜನ ನನ್ನ ಗುಟ್ಟನ್ನು ಕಾಪಾಡುತ್ತಾ ನಿಂತಿದ್ದರು. ಸುಮ್ಮನಿದ್ದಿದ್ದರೆ ಇನ್ನೂ ಕಾಪಾಡುತ್ತಿದ್ದರು.

"ಬಿಗಿಯಾಗಿ ಹಿಡೀತೀನಿ ಸ್ವಾಮಿ" ಎಂದೆ. "ಹಳದಿ ಮಗು ಕೆಂಪಾಗೋ ಹಾಗೆ."

"ಯಾವಾಗಿಂದ?"

"ಶುರುವಿಂದ. ಮೊದಮೊದಲು ಗೊತ್ತಿಲ್ಲದೆ. ಆಮೇಲೆ ಗೊತ್ತಿದ್ದೂ."

ಅವರು ಗಡಿಯಾರ ನೋಡಲಿಲ್ಲ. ಎದ್ದು ಉಗ್ರಾಣದ ಬಾಗಿಲಿಗೆ ಹೋಗಿ, ಪೆಟ್ಟಿಗೆಗಳನ್ನು ನೋಡಿ ಬಂದರು. "ಎಲ್ಲರನ್ನೂ ಇನ್ನೊಮ್ಮೆ ಅಳೀರಿ, ನನ್ನ ಕಣ್ಣ ಮುಂದೆ" ಎಂದರು. ಅಳೆದೆ. ಕೆಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಳದಿಯಾಯಿತು. ಪ್ರತಿ ಸಲ ನಾನೇ ಬಾಯಿ ತೆರೆದು "ಹಳದಿ" ಎನ್ನಬೇಕು. ಒಬ್ಬೊಬ್ಬಳೂ ನನ್ನ ಮುಖ ನೋಡಿ ಹೋದಳು. ಒಬ್ಬಳು ಮೇಜಿನ ಕಾಲಿಗೆ ಒದ್ದಳು. ಹೊಡೆದಿದ್ದರೆ ಹಗುರಾಗುತ್ತಿತ್ತು.

ಗಡಿಯಾರಪ್ಪ ಹೇಳಿದಂತೆ ನಿನ್ನ ಗಂಡ ಹೆಚ್ಚಾಗಿದ್ದ ಪೆಟ್ಟಿಗೆಗಳನ್ನು ಮೇಲಿನ ಶಿಬಿರಕ್ಕೆಂದು ಲಾರಿಗೆ ತುಂಬುವಾಗ ಹೆಂಗಸರು ಸುತ್ತ ನಿಂತುಬಿಟ್ಟರು. ಯಾರೂ ತಡೆಯಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಅವನು ಪೆಟ್ಟಿಗೆ ಹೊತ್ತು ಒಬ್ಬೊಬ್ಬರ ಸಂದಿಯಲ್ಲಿ ನುಸುಳಿ ಹೋದ. ಕೊನೆಗೆ ಗುಬ್ಬಿಯ ಅಮ್ಮ ನನ್ನ ಹತ್ತಿರ ಬಂದಳು.

"ಮೇಲಿನ ಮಕ್ಕಳಿಗಂತೆ" ಎಂದಳು.

"ಹೌದು."

"ನೀವು ನೋಡಿದ್ದೀರಾ ಆ ಮಕ್ಕಳನ್ನ?"

"ಇಲ್ಲ."

"ಮತ್ತೆ?"

"ನಿನ್ನ ಮಗೂನ ನೋಡಿದ್ದೀನಿ. ತಪ್ಪಾಗಿದ್ದು ಅಲ್ಲೇ" ಎಂದೆ.

ಅವಳಿಗೆ ಅದು ಉತ್ತರ ಎನಿಸಲಿಲ್ಲ. ನನಗೂ ಎನಿಸಲಿಲ್ಲ. ಅವಳು ಉಗುಳಲಿಲ್ಲ, ಅಷ್ಟೇ.

ನನ್ನ ಕೈಯಿಂದ ಪಟ್ಟಿ ಕಿತ್ತುಕೊಳ್ಳುತ್ತಾರೆ ಎಂದುಕೊಂಡಿದ್ದೆ, ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೆ ಕೂಡ. ಗಡಿಯಾರಪ್ಪ ಜೀಪು ಹತ್ತುವಾಗ, "ಈ ತಪ್ಪನ್ನ ನೀವು ಇನ್ನು ಮಾಡೋಕಾಗಲ್ಲ ಅಮ್ಮಾ. ಹೊಸಬರನ್ನ ಹಾಕಿದ್ರೆ ಅವರು ಮೊದಲಿಂದ ಮಾಡ್ತಾರೆ" ಎಂದು ನನಗೇ ಬಿಟ್ಟು ಹೋದರು. ಅದು ಕರುಣೆಯೋ ಶಿಕ್ಷೆಯೋ, ಎರಡೂ ಇರಬೇಕು.

ಅವರು ನಿನ್ನಲ್ಲಿಗೆ ಬರುವಷ್ಟರಲ್ಲಿ ನೀನು ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಚಾಡಿ ಹೇಳಿದ ಸೊಸೆ ಎನಿಸಿಕೊಳ್ಳಬೇಡ, ಅಷ್ಟು ನನ್ನಿಂದ ಆಯಿತು.

ಅತ್ತೆ

*

ಏಪ್ರಿಲ್ 9

ಅತ್ತೆಯವರಿಗೆ ನಮಸ್ಕಾರ.

ಪೆಟ್ಟಿಗೆಗಳನ್ನು ಇಳಿಸಿಕೊಂಡ ಮೇಲೆಯೇ ಓದಿದೆ, ನೀವು ಹೇಳಿದಂತೆ.

ಲಾರಿಗಿಂತ ಮುಂಚೆಯೇ ಅಧಿಕಾರಿಗಳು ಬಂದಾಗ ನಾನು ಹೇಳಲೆಂದು ಬಾಯಿ ತೆರೆದಿದ್ದೆ. "ನಿಮ್ಮತ್ತೆ ಎಲ್ಲ ಹೇಳಿದ್ರು" ಎಂದರು. ಒಳಗೆ ಹೋಗಿ ಔಷಧಿ ಬಾಟಲಿಗಳನ್ನು ಜೋಡಿಸುತ್ತಾ ಕೂತೆ. ಜೋಡಿಸುವುದಕ್ಕೇನೂ ಇರಲಿಲ್ಲ.

ಈ ವಾರ ಯಾರೂ ಹೋಗಿಲ್ಲ. ಹೋಗುವವರ ಸಾಲಿನಲ್ಲಿ ಇದ್ದ ಒಂದು ಗಂಡುಮಗು ನಿನ್ನೆ ನನ್ನ ಕೈ ಕಚ್ಚಿತು. ಪೊಟ್ಟಣ ಮುಗಿಯಿತೆಂದು ಬೆರಳನ್ನೇ ಕಚ್ಚಿದ್ದು. ಕಚ್ಚುವಷ್ಟು ಶಕ್ತಿ ಬಂದಿದೆ ಎಂದು ನಿಮಗೆ ಬರೆಯುತ್ತಿದ್ದೇನೆ. ಗುರುತು ಇನ್ನೂ ಇದೆ.

ದೇವರ ದಯೆಯ ಮೇಲೆ ಅಂದು ಬರೆದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ಗುಬ್ಬಿ ಹೇಗಿದ್ದಾಳೆ? ಕೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ನಿಮ್ಮ ಸೊಸೆ

*

ಏಪ್ರಿಲ್ 16

ಸೊಸೆಗೆ,

ಕಚ್ಚಿದ ಜಾಗಕ್ಕೆ ಔಷಧಿ ಹಚ್ಚಿಕೋ. ನರ್ಸಮ್ಮನಿಗೆ ನಾನು ಹೇಳಿಕೊಡಬೇಕೇ.

ಸಾಲು ಚಿಕ್ಕದಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಬೈಯುತ್ತಲೇ ಬಂದು ನಿಲ್ಲುತ್ತಾರೆ. ಕೈಗುಣ ಎನ್ನುವ ಮಾತು ಮಾತ್ರ ನಿಂತಿದೆ. ದಪ್ಪಮ್ಮ ಗಂಜಿಯನ್ನು ಸ್ವಲ್ಪ ಮಂದ ಮಾಡುತ್ತಿದ್ದಾಳೆ, ಹಳದಿ ಮಕ್ಕಳ ಲೋಟಕ್ಕೆ ತಳದಿಂದ ತೆಗೆದು ಹಾಕುತ್ತಾಳೆ. ಅದಕ್ಕೆ ನಿಯಮ ಇಲ್ಲವಂತೆ.

ಗುಬ್ಬಿ ಎರಡು ವಾರ ಹಳದಿಯೇ ಇದ್ದಳು. ಅವರಮ್ಮ ನನ್ನ ಕಡೆ ನೋಡದೆ ತೋಳು ಚಾಚುತ್ತಿದ್ದಳು, ಬಣ್ಣ ಕೇಳಿಕೊಂಡು ಹೋಗುತ್ತಿದ್ದಳು. ನಿನ್ನೆ ಬಂದಾಗ ಮಗು ಅವಳ ಹೆಗಲ ಮೇಲೆ ತಲೆ ಆಡಿಸದೆ ಒರಗಿತ್ತು. ಭೇದಿಯಂತೆ, ನಾಲ್ಕೈದು ದಿನದಿಂದ. ಪಟ್ಟಿ ಸುತ್ತಿದೆ. ಚರ್ಮಕ್ಕೆ ತಾಗಿತ್ತು, ಅಷ್ಟೇ. ತೆಗೆದು ನೋಡಿದೆ, ತೋಳಿನ ಮೇಲೆ ಏನೂ ಗುರುತಿಲ್ಲ. ಮತ್ತೆ ಸುತ್ತಿದೆ.

"ಕೆಂಪು" ಎಂದೆ.

"ಕೆಂಪಾ?"

"ಹೂಂ."

"ನೀವು ಎಳೀಲಿಲ್ಲ ತಾನೇ?"

"ಇಲ್ಲ ಕಣಮ್ಮಾ."

ಅವಳು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಿಂದಿನವಳ ಕಡೆ ತಿರುಗಿ, "ನಮ್ಮದು ಕೆಂಪಾಯ್ತು" ಎಂದಳು. ಹಿಂದಿನವಳು ಅವಳ ಭುಜ ತಟ್ಟಿ, "ಒಳ್ಳೇದಾಯ್ತು ಬಿಡು" ಎಂದಳು.

ಪೊಟ್ಟಣಗಳನ್ನು ಕೊಟ್ಟೆ. ಒಂದನ್ನು ನಾನೇ ಹರಿದು ಬೆರಳಲ್ಲಿ ಅದರ ನಾಲಿಗೆಗೆ ಹಚ್ಚಿದೆ. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದು ಆಮೇಲೆ ನುಂಗಿತು.

ಸಂಜೆ ಕೂತು, ನಿನ್ನಲ್ಲಿ ಮಿಕ್ಕಿದ್ದರೆ ಒಂದೆರಡು ಪೆಟ್ಟಿಗೆ ಇತ್ತ ಕಳಿಸು ಎಂದು ಬರೆಯಲು ಹಾಳೆ ತೆಗೆದೆ. ಬರೆಯುವುದಿಲ್ಲ. ನಿನ್ನಲ್ಲಿ ಮಿಕ್ಕಿರುವುದಿಲ್ಲ ಎಂದು ಈಗ ನನಗೆ ಗೊತ್ತು. ಉಪ್ಪು ಸಕ್ಕರೆಯ ಆ ಪುಡಿ ಇದ್ದರೆ ಮಾತ್ರ ಕಳಿಸು. ಬೇಗ ಕಳಿಸು. ಲಾರಿಯನ್ನು ರಾತ್ರಿಯೇ ಹೊರಡಿಸು, ನಾನು ಗೇಟಿನ ಹತ್ತಿರ ಕಾಯುತ್ತಿರುತ್ತೇನೆ.

ಅತ್ತೆ